ಹಳೇ ಓಎಸ್ ಹಾಕಿಕೊಟ್ಟ ಶುಕ್ರವಾರ

ಚಂದ್ರಣ್ಣನವರ ಕ್ಯಾಲ್ಕುಲೇಟರಿನಲ್ಲಿದ್ದ ಲೆಕ್ಕಗಳನ್ನು ಅಳಿಸಿದವನು ನಾನು. ಸೆಲ್ಲು ಸತ್ತು ಅಳಿಸಿಹೋದವು ಎಂದು ಅವರಿಗೆ ಹೇಳಿದ್ದು ಸುಳ್ಳು. ಅಳಿಸಿದ್ದು ಕೈತಪ್ಪು — ಅಷ್ಟೇ ಆಗಿದ್ದರೆ ನಾನು ಇವತ್ತು ಹೀಗೆ ಬರೆಯುತ್ತಾ ಕೂರುತ್ತಿರಲಿಲ್ಲ. ಆ ಲೆಕ್ಕಗಳ ಒಂದು ಪ್ರತಿ ಅದೇ ಹೊತ್ತಿನಲ್ಲಿ, ಅದೇ ಅಂಗಡಿಯಲ್ಲಿ, ನನ್ನ ಕಂಪ್ಯೂಟರಿನೊಳಗೆ ಇತ್ತು. ಕೊಡಲಿಲ್ಲ. ಮುಂದೆ ಅವರು ಯಾರೋ ತಮ್ಮದನ್ನು ಕದ್ದಿದ್ದಾರೆ ಎಂದು ನನ್ನೆದುರೇ ಕೂತು ಸಂಕಟಪಟ್ಟಾಗ, ಅವರ ಹೆಂಡತಿಯ ತಮ್ಮನ ಕಡೆ ತೋರಿಸಿದವನೂ ನಾನೇ. ಹೆಸರು ಹೇಳಲಿಲ್ಲ. ಹೆಸರು ಹೇಳದೆ ತೋರಿಸುವುದು ನನಗೆ ಚೆನ್ನಾಗಿ ಬರುತ್ತದೆ. ಅರ್ಧ ಆಯುಷ್ಯ ಗಲ್ಲಾಪೆಟ್ಟಿಗೆಯ ಹಿಂದೆ ಕಳೆದವನು ನಾನು.

ನನ್ನ ಹೆಸರು ಸಲೀಂ. ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ. ಈಗ ಅಲ್ಲಿ ಮೊಬೈಲು, ಚಾರ್ಜರು. ಮೊದಲು ಹಾಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಫುಟ್‌ಪಾತಿನ ಮೇಲೆ ಒಂದು ಬೆಡ್‌ಶೀಟು ಹಾಸಿ ವಾಚಿನ ಬೆಲ್ಟು ಮಾರುತ್ತಿದ್ದೆ. ಅಪ್ಪ ಬಿಟ್ಟುಹೋದದ್ದು ಏನೂ ಇಲ್ಲ, ಮಾವನ ಮನೆಯಿಂದ ಬಂದದ್ದೂ ಇಲ್ಲ. ಬೆಲ್ಟಿನಿಂದ ಡ್ರಾಫ್ಟರಿಗೆ ಬಂದೆ. ಎಂಜಿನಿಯರಿಂಗ್ ಓದುವ ಮಕ್ಕಳು ನಕ್ಷೆ ಬರೆಯಲು ಕೊಳ್ಳುವ ಡ್ರಾಫ್ಟರು ಒಂದು ವರ್ಷದ ಮೇಲೆ ಅವರಿಗೆ ಬೇಡ. ಪರೀಕ್ಷೆ ಮುಗಿದ ದಿನ ಕಾಲೇಜಿನ ಗೇಟಿನಲ್ಲಿ ನಿಂತು ಅರ್ಧ ಬೆಲೆಗೆ ಕೊಳ್ಳುತ್ತಿದ್ದೆ. ಹೊಸ ಮಕ್ಕಳು ಸೇರಿದ ದಿನ ಅದೇ ಗೇಟಿನಲ್ಲಿ ಮುಕ್ಕಾಲು ಬೆಲೆಗೆ ಮಾರುತ್ತಿದ್ದೆ. ಅಂಗಡಿ ಕಟ್ಟಿದ್ದು ಆ ಅರ್ಧಕ್ಕೂ ಮುಕ್ಕಾಲಿಗೂ ನಡುವಿನ ಕಾಲಿನಲ್ಲಿ. ಹೊಸದಾಗಿ ವ್ಯಾಪಾರಕ್ಕಿಳಿಯುವವರಿಗೆ ನಾನು ಈಗಲೂ ಹೇಳುವುದು ಇದನ್ನೇ — ಮಾಲು ಹುಡುಕಬೇಡಿ, ಮಾಲು ಯಾರಿಗೆ ಯಾವತ್ತು ಬೇಡವಾಗುತ್ತದೆ ಎಂದು ಹುಡುಕಿ.

ಎರಡು ಸಾವಿರದ ದಶಕದ ಕೊನೆಯ ಭಾಗದಲ್ಲಿ ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ನನಗೊಂದು ಗೋಣಿಚೀಲ ತೋರಿಸಿದ. ಒಳಗೆಲ್ಲ ಗ್ರಾಫಿಂಗ್ ಕ್ಯಾಲ್ಕುಲೇಟರುಗಳು. ಅಂಗೈಗಿಂತ ಉದ್ದ, ಅಗಲವಾದ ಪರದೆ, ಮೈತುಂಬ ಗುಂಡಿಗಳು. ಸಾದಾ ಕ್ಯಾಲ್ಕುಲೇಟರು ಕೂಡುತ್ತದೆ ಕಳೆಯುತ್ತದೆ. ಇದು ಗೆರೆ ಎಳೆದು ಚಿತ್ರ ತೋರಿಸುತ್ತದೆ, ನಾವು ಬರೆದಿಟ್ಟ ಲೆಕ್ಕದ ಪ್ರೋಗ್ರಾಮನ್ನು ನೆನಪಿಟ್ಟುಕೊಂಡು ಬೇಕೆಂದಾಗ ಓಡಿಸುತ್ತದೆ. ವಿದೇಶದ ಶಾಲೆಗಳಲ್ಲಿ ಮಕ್ಕಳು ಬಳಸಿ ಬಿಟ್ಟವು. ಹಿಂಭಾಗದಲ್ಲಿ ಯಾವುದೋ ಮಗುವಿನ ಹೆಸರು ಮೊಳೆಯಿಂದ ಕೆತ್ತಿರುತ್ತಿತ್ತು. ಪ್ಲಾಸ್ಟಿಕ್ ಗುಜರಿಯ ಲೆಕ್ಕದಲ್ಲಿ ತೂಗಿಸಿಕೊಂಡು ತಂದೆ.

ತಂದ ಮೇಲೆ ತಿಳಿಯಿತು — ಕಾಲೇಜಿನ ಮಕ್ಕಳಿಗೆ ಇದು ಬೇಡ, ಪರೀಕ್ಷೆಯ ಕೋಣೆಗೆ ಬಿಡುವುದಿಲ್ಲ. ಕೊಳ್ಳುವವರು ಬೇರೆ ಇದ್ದರು. ಜಮೀನು ಅಳೆಯುವವರು, ಲೇಔಟ್ ಮಾಡುವವರು, ರಸ್ತೆ ಗುತ್ತಿಗೆದಾರರ ಕೈಕೆಳಗಿನ ಸರ್ವೇಯರುಗಳು. ಬಿಸಿಲಿನಲ್ಲಿ ನಿಂತು ಕೋನಗಳ ಲೆಕ್ಕ ಹಾಕುವ ಅವರಿಗೆ ಇಂಥ ಯಂತ್ರ ಸಿಕ್ಕರೆ ಒಂದು ಆಳು ಉಳಿದಂತೆ. ಆದರೆ ಖಾಲಿ ಯಂತ್ರ ಯಾರಿಗೆ ಬೇಕು? ಒಳಗೆ ಸರ್ವೇ ಲೆಕ್ಕದ ಪ್ರೋಗ್ರಾಮು ಇರಬೇಕು.

ಈ ಯಂತ್ರಗಳ ಹೊಟ್ಟೆಯೊಳಗೆ ಒಂದು ಓಎಸ್, ಅಂದರೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮು ಇರುತ್ತದೆ, ಕಂಪ್ಯೂಟರಿಗಿರುವಂತೆ. ಅದನ್ನು ಬದಲಿಸುವುದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಸೈಬರ್ ಸೆಂಟರಿನಲ್ಲಿ ಕೂತು, ಯಾವಯಾವುದೋ ದೇಶದ ಹುಡುಗರು ಬರೆದುಕೊಂಡದ್ದನ್ನು ಪದಕೋಶ ಇಟ್ಟುಕೊಂಡು ಓದಿ ಕಲಿತೆ. ನಾಲ್ಕು ಸೆಲ್ಲುಗಳಲ್ಲಿ ಒಂದನ್ನು ತೆಗೆಯಬೇಕು, ಡಿಲೀಟ್ ಗುಂಡಿಯನ್ನು ಒತ್ತಿ ಹಿಡಿಯಬೇಕು, ಹಿಡಿದಿರುವಂತೆಯೇ ಸೆಲ್ಲು ಮತ್ತೆ ಕೂರಿಸಬೇಕು. ಆಗ ಯಂತ್ರ ತನ್ನದನ್ನೆಲ್ಲ ಬಿಟ್ಟು, ಬಾಯಿ ತೆರೆದು ಹೊಸದಕ್ಕೆ ಕಾಯುತ್ತದೆ. ಕಂಪ್ಯೂಟರಿನಿಂದ ಕೇಬಲ್ಲಿನಲ್ಲಿ ಓಎಸ್ ಕಳಿಸಿದರೆ ಕುಡಿದುಕೊಳ್ಳುತ್ತದೆ. ಹೊಸದು ಬೇಡವೆಂದರೆ ಹಳೆಯದನ್ನೂ ಹೀಗೆಯೇ ಕೂರಿಸಬಹುದು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓಎಸ್ಸನ್ನೇ ಸ್ವಲ್ಪ ತಿದ್ದಿ, ಯಂತ್ರ ಆನ್ ಮಾಡಿದಾಗ ನನ್ನ ಅಂಗಡಿಯ ಹೆಸರು ಬರುವಂತೆಯೂ ಮಾಡಿದೆ. ಗಿರಾಕಿಗಳು ಅದನ್ನು ನೋಡಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಹತ್ತನೇ ಕ್ಲಾಸು ಮುಟ್ಟದವನು ನಾನು. ಆ ಹೆಮ್ಮೆಯನ್ನು ಈಗಲೂ ಮುಚ್ಚಿಡುವುದಿಲ್ಲ.

ಈ ಕೆಲಸದಲ್ಲಿ ಒಂದೇ ಒಂದು ನಿಯಮ. ಓಎಸ್ ಬದಲಿಸುವ ಮೊದಲು ಯಂತ್ರದೊಳಗಿನ ಪ್ರೋಗ್ರಾಮುಗಳನ್ನೆಲ್ಲ ಕಂಪ್ಯೂಟರಿಗೆ ತೆಗೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಎಲ್ಲ ಅಳಿಸಿಹೋಗುತ್ತದೆ. ಆಮೇಲೆ ಏನು ಮಾಡಿದರೂ ಬರುವುದಿಲ್ಲ.

ಚಂದ್ರಣ್ಣ ನಿಟ್ಟೂರಿನವರು. ಡಿಪ್ಲೊಮಾ ಓದಿ ಸರ್ವೇಯರ್ ಆದವರು. ಎಲ್ಲಿ ಕೆಲಸವೋ ಅಲ್ಲಿಗೆ ಬೈಕಿನ ಹಿಂದೆ ಮಂಜುನಾಥನನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಮಂಜುನಾಥ ಅವರ ಹೆಂಡತಿ ಗಿರಿಜಮ್ಮನವರ ತಮ್ಮ, ಚೇಳೂರಿನವನು. ಆಗಲೇ ಎರಡು ಮಕ್ಕಳ ತಂದೆ. ಭಾವ ದುರ್ಬೀನಿನಲ್ಲಿ ಕಣ್ಣಿಟ್ಟರೆ ಮೈದುನ ದೂರದಲ್ಲಿ ಕೋಲು ಹಿಡಿದು ನಿಲ್ಲುವುದು — ಎಷ್ಟೋ ವರ್ಷ ಇಬ್ಬರೂ ಹೀಗೆಯೇ ದುಡಿದರು. ಚಂದ್ರಣ್ಣ ನನ್ನ ಬಳಿ ಯಂತ್ರ ಕೊಂಡ ಮೊದಲಿಗರಲ್ಲಿ ಒಬ್ಬರು. ಅದರಲ್ಲಿ ಅವರು ತಮ್ಮದೇ ಪ್ರೋಗ್ರಾಮುಗಳನ್ನು ಬರೆದುಕೊಂಡರು. ಒಂದೊಂದು ಕೆಲಸದಲ್ಲೂ ತಪ್ಪು ಕಂಡಂತೆ ತಿದ್ದಿ, ಸೇರಿಸಿ, ಬೆಳೆಸಿದರು. ರಸ್ತೆ ತಿರುಗುವ ಕಡೆ ಗೂಟ ಎಲ್ಲಿ ಹೊಡೆಯಬೇಕು ಎಂದು ಹೇಳುವುದು ಒಂದು. ಜಮೀನಿನ ಸುತ್ತ ಅಳೆದುಕೊಂಡು ಬಂದರೆ ಹೊರಟ ಗೂಟಕ್ಕೇ ಲೆಕ್ಕ ಬಂದು ಕೂಡಿತೇ ಇಲ್ಲವೇ ಎಂದು ಹೇಳುವುದು ಇನ್ನೊಂದು. ಆ ಕಾಲಕ್ಕೆ ಕುಣಿಗಲ್ ಹತ್ತಿರದ ರಸ್ತೆ ಅಗಲಿಸುವ ಕೆಲಸದಲ್ಲಿ ಚಂದ್ರಣ್ಣ ಮುಖ್ಯ ಸರ್ವೇಯರ್. ದೊಡ್ಡ ಎಂಜಿನಿಯರುಗಳು ಕಾಗದ ಬಿಡಿಸುವ ಹೊತ್ತಿಗೆ ಇವರು ಗೂಟ ಹೊಡೆದು ಸುಣ್ಣ ಹಾಕಿಸಿಯೂ ಬಿಟ್ಟಿರುತ್ತಿದ್ದರಂತೆ.

ಅವರು ಮೊದಲ ಸಲ ಓಎಸ್ ಬದಲಿಸಿಕೊಂಡದ್ದು ನನ್ನ ಮಾತಿಗೆ. ಹೊಸದು ಬಂದಿದೆ, ಲೆಕ್ಕ ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ ಕಾಣುತ್ತದೆ, ಹಾಕಿಸಿಕೊಳ್ಳಿ ಎಂದು ನಾನೇ ಹಚ್ಚಿದೆ. ಆವತ್ತು ಎಲ್ಲ ಕ್ರಮವಾಗಿಯೇ ಮಾಡಿದೆ. ಪ್ರೋಗ್ರಾಮುಗಳನ್ನು ಕಂಪ್ಯೂಟರಿಗೆ ತೆಗೆದುಕೊಂಡೆ, ಓಎಸ್ ಹಾಕಿದೆ, ಎಲ್ಲವನ್ನೂ ತಿರುಗಿ ತುಂಬಿದೆ. ಚಂದ್ರಣ್ಣ ಸ್ಟೂಲಿನ ಮೇಲೆ ಕೂತು ಕಣ್ಣು ತೆಗೆಯದೆ ನೋಡುತ್ತಿದ್ದರು. ಮುಗಿದ ಮೇಲೆ ಹೇಳಿದರು:

“ನಿಮ್ ಕಂಪ್ಯೂಟ್ರಲ್ಲಿ ಇರೋದ್ನ ನನ್ನೆದ್ರಿಗೇ ಅಳಿಸ್ಬುಡಿ ಸಲೀಂ ಭಾಯ್. ಬೇಜಾರ್ ಮಾಡ್ಕೋಬೇಡಿ. ಎಲ್ರ ಹತ್ರಾನೂ ಇದ್ರೆ ನನ್ನ ಯಾರ್ ಕರೀತಾರೆ? ಅದು ನನ್ ಅನ್ನ.”

ಅಳಿಸಿದೆ. ಅಂದರೆ, ಕಂಪ್ಯೂಟರಿನ ಕಸದ ಬುಟ್ಟಿಗೆ ಎಳೆದುಹಾಕಿದೆ. ಅವರು ನೆಮ್ಮದಿಯಿಂದ ಎದ್ದರು. ರಸ್ತೆ ದಾಟಿ ಬಸ್ ಸ್ಟ್ಯಾಂಡಿನೊಳಗೆ ಹೋಗುವ ಮೊದಲೇ ನಾನು ಬುಟ್ಟಿಯಿಂದ ಅದನ್ನು ಎತ್ತಿ ಬೇರೆ ಕಡೆ ಇಟ್ಟುಕೊಂಡಿದ್ದೆ.

ಯಾಕೆ? ಮಾಲು ಕಂಡಿತು, ಅದಕ್ಕೆ. ಬೇರೆ ಕಾರಣವೇನೂ ಇರಲಿಲ್ಲ... ಹುಡುಕಿದರೂ ಸಿಗುವುದಿಲ್ಲ.

ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಅವರ ಹೆಸರಿತ್ತು. ತೆಗೆದು ನನ್ನ ಅಂಗಡಿಯ ಹೆಸರು ಹಾಕಿದೆ. ಮೂಲ ಪ್ರತಿಯನ್ನು ಉಳಿಸಿಕೊಳ್ಳಲಿಲ್ಲ. ತಿದ್ದಿದ್ದೇ ನನ್ನ ಪ್ರತಿಯಾಯಿತು. ಸಣ್ಣ ಅಂಕಿ ಕೊಟ್ಟು ಓಡಿಸಿ ನೋಡಿದೆ, ಉತ್ತರ ಬಂತು. ಅಷ್ಟು ಸಾಕಾಯಿತು. ಆಮೇಲೆ ಗುಜರಿ ಚೀಲದ ಯಂತ್ರಗಳೆಲ್ಲ ಸರ್ವೇ ಮಷೀನುಗಳಾದವು. ಶಿರಾ, ತಿಪಟೂರು, ಹಾಸನದಿಂದೆಲ್ಲ ಜನ ಹುಡುಕಿಕೊಂಡು ಬಂದರು. ಅಂಗಡಿಗೆ ಗಾಜಿನ ಬಾಗಿಲು ಬಂದದ್ದು ಆ ವರ್ಷ.

ಹಾಗೇ ಹೋಗಿದ್ದರೆ ಇದು ಒಂದು ಸಾಧಾರಣ ಕಳ್ಳತನವಾಗಿ ಉಳಿಯುತ್ತಿತ್ತು. ಆದರೆ ಮುಂದಿನ ವರ್ಷ ಚಂದ್ರಣ್ಣ ಮತ್ತೆ ಬಂದರು. ಶುಕ್ರವಾರ, ನಮಾಜಿನ ಹೊತ್ತು ಹತ್ತಿರ. ಹೊಸ ಓಎಸ್ ಚೆಂದವೇ, ಆದರೆ ಅವರ ಉದ್ದುದ್ದ ಪ್ರೋಗ್ರಾಮುಗಳು ಅದರ ಮೇಲೆ ತೆವಳುತ್ತಿದ್ದವಂತೆ. ಬಿಸಿಲಿನಲ್ಲಿ ಪ್ರತಿ ಗೂಟಕ್ಕೂ ಕಾಯುತ್ತ ನಿಲ್ಲುವುದಾಯಿತು.

“ಹಳೇದೇ ಹಾಕ್ಬುಡಿ. ಚೆಂದ ಕಟ್ಕೊಂಡು ನಂಗೇನು, ಹೆಣ್ ನೋಡಕ್ ಬಂದಿದೀನಾ?” ಎಂದು ನಕ್ಕರು. ಜೊತೆಗಿದ್ದ ಮಂಜುನಾಥ, “ಬೇಗ ಮಾಡಿ ಭಾಯ್, ಇದು ಹೇಳೋಗಂಟ ಭಾವ ನಂಗೆ ಅನ್ನಾನೂ ಹಾಕಾಕಿಲ್ಲ” ಎಂದ. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ನಮಾಜಿಗೆ ಹೋಗುವ ಅವಸರ. ಜೊತೆಗೆ ಇನ್ನಿಬ್ಬರು ಗಿರಾಕಿಗಳು. ಅವಸರವನ್ನು ನಾನು ನೆಪ ಮಾಡುತ್ತಿಲ್ಲ — ಸಾವಿರ ಸಲ ಅವಸರದಲ್ಲಿ ಮಾಡಿದ ಕೆಲಸ ಅದು. ನಿಜ ಏನೆಂದರೆ, ಸೆಲ್ಲು ತೆಗೆಯುವಾಗ ನನ್ನ ಮನಸ್ಸಿನಲ್ಲಿ ಎಲ್ಲೋ ಒಂದು ಧೈರ್ಯವಿತ್ತು: ಇದರ ಪ್ರತಿ ನನ್ನ ಹತ್ತಿರ ಇದೆ. ಕದ್ದದ್ದೇ ಧೈರ್ಯ ಕೊಟ್ಟಿತು. ಕೈ ತನ್ನಷ್ಟಕ್ಕೆ ಗುಂಡಿ ಒತ್ತಿ ಹಿಡಿದು ಸೆಲ್ಲು ಕೂರಿಸಿತು. ಹಳೇ ಓಎಸ್ ಇಳಿಯಿತು. ಆನ್ ಮಾಡಿದರೆ ಯಂತ್ರ ತೊಳೆದಿಟ್ಟ ತಟ್ಟೆಯಂತಿತ್ತು. ಒಳಗೆ ಏನೂ ಇಲ್ಲ.

“ನಂದೆಲ್ಲ ಎಲ್ಲೈತೆ?” ಎಂದರು ಚಂದ್ರಣ್ಣ.

ಆ ಕ್ಷಣವನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೋ. ಕೈಯೆತ್ತಿ ಎರಡು ಗುಂಡಿ ಒತ್ತಿದ್ದರೆ ಹೆಚ್ಚುಕಡಿಮೆ ಎಲ್ಲ ತಿರುಗಿ ಬರುತ್ತಿತ್ತು. ಆದರೆ ಬರುವುದು ಹಿಂದಿನ ವರ್ಷದ್ದು — ಅವರ ಕಣ್ಣೆದುರು ಅಳಿಸಿದ್ದು. ಮೊದಲ ಸಾಲಿನಲ್ಲಿ ಅವರ ಹೆಸರಿಲ್ಲ, ನನ್ನ ಅಂಗಡಿಯ ಹೆಸರಿದೆ. ಅವರ ಅನ್ನ ಉಳಿಸಬೇಕೆಂದರೆ ನನ್ನ ಕಳ್ಳತನ ಕಕ್ಕಬೇಕು. ಎದುರಿಗೆ ಇಬ್ಬರು ಗಿರಾಕಿಗಳು ಬೇರೆ ಕೂತಿದ್ದಾರೆ. ನಾನು ಸೆಲ್ಲುಗಳನ್ನು ಕೈಗೆತ್ತಿಕೊಂಡೆ. ಅಂಗೈಯಲ್ಲಿ ತೂಗಿ ನೋಡಿದಂತೆ ಮಾಡಿದೆ.

“ಸತ್ತಿರೋ ಸೆಲ್ಲು ಹಾಕ್ಕೊಂಡು ಬಂದಿದೀರಲ್ಲ ಚಂದ್ರಣ್ಣ. ಇಲ್ಲಿಗೆ ಬರೋ ಮುಂಚೆನೇ ಎಲ್ಲಾ ಹೋಗ್ಬಿಟ್ಟಿತ್ತು.”

ನಂಬಿದರು. ಅವರಿಗೇ ನಾಚಿಕೆಯಾಯಿತು. ಸೆಲ್ಲು ಬದಲಿಸಿ ಎಂದು ಹೇಳುತ್ತಲೇ ಇದ್ದೆ ಎಂದು ಮಂಜುನಾಥ ಗೊಣಗಿದ; ಸೆಲ್ಲು ತರುವುದು ನಿನ್ನ ಕೆಲಸ ಎಂದು ಭಾವ ರೇಗಿದರು. ಹೊಸ ಸೆಲ್ಲು ಹಾಕಿಕೊಟ್ಟು ದುಡ್ಡು ಬೇಡವೆಂದೆ. ಚಂದ್ರಣ್ಣ ಪುಕ್ಕಟೆ ಬೇಡವೆನ್ನುತ್ತಲೇ ಕೈಮುಗಿದು, “ದೊಡ್ಮನ್ಸು ನಿಮ್ದು” ಎಂದು ಹೋದರು. ನಾನು ನಮಾಜಿಗೆ ಹೋದೆ. ಸಾಲಿನಲ್ಲಿ ನಿಂತೆ, ಬಾಗಿದೆ, ಎದ್ದೆ... ಏನು ಬೇಡಿಕೊಂಡೆ ಎಂದು ನೆನಪಿಲ್ಲ.

ಚಂದ್ರಣ್ಣ ಎಲ್ಲವನ್ನೂ ನೆನಪಿನಿಂದ ತಿರುಗಿ ಬರೆದರು. ಕೆಲಸ ನಿಲ್ಲುವ ಹಾಗಿರಲಿಲ್ಲ, ಹಗಲೆಲ್ಲ ಗೂಟ, ಬಿಡುವಾದಾಗ ಗುಂಡಿ ಒತ್ತುವುದು. ಬಲಕ್ಕೆ ತಿರುಗುವ ರಸ್ತೆಗೆ ಸರಿಯಾಗಿ ಬಂತು. ಎಡಕ್ಕೆ ತಿರುಗುವ ಕಡೆ ಒಂದು ಕಳೆಯುವ ಗುರುತು ಬಿಟ್ಟುಹೋಗಿತ್ತು. ಯಂತ್ರ ಕೊಂಡ ಹೊಸದರಲ್ಲಿ ಅವರೇ ಕಂಡುಹಿಡಿದು ತಿದ್ದಿದ್ದ ತಪ್ಪು. ತಿದ್ದಿದ್ದೇನೆ ಎಂಬುದು ಮಾತ್ರ ನೆನಪಿತ್ತು, ಎಲ್ಲಿ ತಿದ್ದಿದ್ದು ಎಂಬುದು ಮರೆತಿತ್ತು. ಬಲ ತಿರುವುಗಳನ್ನು ಪರೀಕ್ಷಿಸಿ ನೋಡಿ ಎಡದ್ದನ್ನೂ ನಂಬಿದರು. ಕುಣಿಗಲ್‌ನ ಈಚೆ ಒಂದು ಎಡ ತಿರುವಿನಲ್ಲಿ ಗೂಟಗಳು ಸರಿದವು. ಆ ಗೂಟ ನಂಬಿ ಮಣ್ಣು ಸುರಿದು ರೋಲರ್ ಓಡಿಸಿದರು. ಮುಂದಿನ ಮೋರಿಯ ಹತ್ತಿರ ಬಂದಾಗ ಎಲ್ಲರಿಗೂ ಕಂಡಿತು — ಮೋರಿ ಒಂದು ಕಡೆ, ರಸ್ತೆ ಒಂದು ಕಡೆ. ಅಗೆದು ತೆಗೆಯಬೇಕಾಯಿತು. ಗುತ್ತಿಗೆದಾರ ಚಂದ್ರಣ್ಣನನ್ನು ಆಳುಗಳೆದುರೇ ಬೈದು ಕೆಲಸದಿಂದ ತೆಗೆದ.

ಅವರ ಜಾಗಕ್ಕೆ ಬಂದ ಸರ್ವೇಯರು ತುಮಕೂರಿನವನು, ನನ್ನ ಗಿರಾಕಿ. ಅವನ ಕೈಲಿದ್ದದ್ದು ನನ್ನ ಅಂಗಡಿಯ ಮಷೀನು. ಅದೇ ತಿರುವನ್ನು ಅವನು ಮೊದಲ ಸಲಕ್ಕೇ ಸರಿಯಾಗಿ ಗುರುತು ಹಾಕಿದ. ಚಂದ್ರಣ್ಣನ ಲೆಕ್ಕದಿಂದ ಚಂದ್ರಣ್ಣನ ತಪ್ಪು ತಿದ್ದಿ ಹೆಸರು ತೆಗೆದುಕೊಂಡ. ಪಾಪ, ಅವನಿಗೆ ಏನೂ ತಿಳಿಯದು.

ಕೆಲಸ ಒಪ್ಪಿಸಿಕೊಡಲು ಚಂದ್ರಣ್ಣ ಒಂದು ವಾರ ಸೈಟಿನಲ್ಲಿ ಇರಬೇಕಾಗಿತ್ತು. ಒಂದು ದಿನ ಹೊಸಬ ಸುತ್ತ ಅಳೆದುಕೊಂಡು ಬಂದು ಅಂಕಿಗಳನ್ನು ಒತ್ತಿದ. ಲೆಕ್ಕ ಹೊರಟ ಗೂಟಕ್ಕೆ ಬಂದು ಕೂಡಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಪದ ಮೂಡಿದವು: ಊಟ ಮಾಡು.

ಅದು ಚಂದ್ರಣ್ಣ ಬರೆದಿಟ್ಟ ತಮಾಷೆ. ಲೆಕ್ಕ ಕೂಡದಿದ್ದರೆ ‘ಮತ್ತೆ ಅಳೆ’ ಎನ್ನುತ್ತದೆ. ಕೂಡಿದರೆ ‘ಊಟ ಮಾಡು’ ಎನ್ನುತ್ತದೆ. ಅದು ಹೇಳುವ ತನಕ ಭಾವ ಮೈದುನ ಇಬ್ಬರೂ ಬುತ್ತಿ ಬಿಚ್ಚುವಂತಿಲ್ಲ, ಹಾಗೊಂದು ಪಂತ ಅವರಲ್ಲಿ. ನಾನು ಅಂಗಡಿಯಲ್ಲಿ ಆಟಕ್ಕೆ ಕೊಟ್ಟ ಅಂಕಿಗಳಿಗೆ ಲೆಕ್ಕ ಯಾವತ್ತೂ ಕೂಡಿರಲಿಲ್ಲ, ಆದ್ದರಿಂದ ಆ ಪದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೆಸರು ಅಳಿಸಿದವನು ಅದನ್ನು ಅಳಿಸಲಿಲ್ಲ.

ಮರುದಿನ ಚಂದ್ರಣ್ಣ ಅಂಗಡಿಗೆ ಬಂದರು. ಒಬ್ಬರೇ.

“ಆ ಹುಡ್ಗನ ಮಷೀನು ‘ಊಟ ಮಾಡು’ ಅಂತೈತೆ ಸಲೀಂ ಭಾಯ್. ಆ ಮಾತು ನಂದು. ನಿಮ್ಮಂಗಡೀಲ್ ತಗೊಂಡೆ ಅಂದ.”

ನಾನು ಗಾಬರಿಯಾಗಲಿಲ್ಲ. ಹೇಳಬೇಕಲ್ಲ — ಆಗಲಿಲ್ಲ. ಚೌಕಾಸಿಯಲ್ಲಿ ಪಳಗಿದವನು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಇನ್ನೊಂದು ಪ್ರಶ್ನೆ ಇಡುತ್ತಾನೆ. ಮೊದಲು ಟೀ ತರಿಸಿದೆ. ಯಾರೋ ಪ್ರೋಗ್ರಾಮು ತಂದು ಮಾರಿದರು, ನಾನು ಎಲ್ಲ ಮಷೀನಿಗೂ ನನ್ನ ಹೆಸರು ಹಾಕಿ ತುಂಬುತ್ತೇನೆ, ತಂದವರ ಊರುಕೇರಿ ಕೇಳುವವನಲ್ಲ ಎಂದೆ. ನಿಮ್ಮದನ್ನು ನಿಮ್ಮೆದುರೇ ಅಳಿಸಿದ್ದೆನಲ್ಲ ಎಂದೆ. ಹೌದು ಎಂದು ತಲೆಯಾಡಿಸಿದರು. ಆಮೇಲೆ, ತುಂಬ ಮೆತ್ತಗೆ, ಅವರ ಒಳ್ಳೆಯದಕ್ಕೇ ಎಂಬಂತೆ ಕೇಳಿದೆ:

“ಮಷೀನು ನಿಮ್ ಕೈಲಿ ಇಲ್ದಾಗ ಯಾರ್ ಕೈಲಿ ಇರ್ತಿತ್ತು ಚಂದ್ರಣ್ಣ?”

ಅವರು ಟೀ ಕೆಳಗಿಟ್ಟರು. ಮಂಜುನಾಥ ಆಗತಾನೆ ಒಂದು ಹಳೇ ಬೈಕು ಕೊಂಡಿದ್ದ. ಅದು ನನಗೂ ಗೊತ್ತಿತ್ತು, ಕೇಳುವ ಮೊದಲೇ ಗೊತ್ತಿತ್ತು. ಟೀ ಪೂರ್ತಿ ಕುಡಿಯದೆ ಎದ್ದುಹೋದರು.

ಅದಾದ ಮೇಲೆ ಚಂದ್ರಣ್ಣ ಸರ್ವೇ ಕೆಲಸ ಬಿಟ್ಟರು. ಕೈಲಿ ದುರ್ಬೀನು ಹಿಡಿದರೆ ಮೋರಿ ಕಾಣುತ್ತದೆ ಎನ್ನುತ್ತಿದ್ದರು. ನಿಟ್ಟೂರಿನಲ್ಲಿ ಬೈಕಿನ ಬಿಡಿಭಾಗದ ಅಂಗಡಿ ಇಟ್ಟರು. ಇಡಲು ಸಲಹೆ ಕೊಟ್ಟವನು ಯಾರು? ನಾನೇ. ಬೆಂಗಳೂರಿನಲ್ಲಿ ಸಗಟು ಅಂಗಡಿ ತೋರಿಸಿದೆ, ಜಾಮೀನು ನಿಂತು ಉದ್ದರಿ ಕೊಡಿಸಿದೆ, ಯಾವ ಮಾಲು ಮುಂದೆ ಇಡಬೇಕು ಯಾವುದು ಹಿಂದೆ ಎಂದು ಕೂತು ಹೇಳಿಕೊಟ್ಟೆ. ಅಂಗಡಿ ಚೆನ್ನಾಗಿ ನಡೆಯಿತು. ಸಲೀಂ ಭಾಯ್ ಇಲ್ಲದಿದ್ದರೆ ನಾನು ಬೀದಿಪಾಲು ಎಂದು ಅವರು ಕಂಡಕಂಡವರಿಗೆ ಹೇಳುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ನಾನು ಇನ್ನೊಂದು ಸಲಹೆ ಕೊಡುತ್ತಿದ್ದೆ. ನನಗೆ ಸಲಹೆ ಕೊಡುವ ಚಟ ಮೊದಲಿಂದಲೂ ಇದೆ. ಆದರೆ ಚಂದ್ರಣ್ಣನವರಿಗೆ ಕೊಟ್ಟಷ್ಟು ಯಾರಿಗೂ ಕೊಟ್ಟಿಲ್ಲ.

ಮಂಜುನಾಥನ ಜೊತೆ ಅವರು ಮಾತು ಬಿಟ್ಟರು. ಅವನು ಬಂದು ಆಣೆ ಮಾಡಿದನಂತೆ, ಅತ್ತನಂತೆ; ಬೈಕಿನ ದುಡ್ಡು ಎಮ್ಮೆ ಮಾರಿದ್ದು ಎಂದನಂತೆ. ಇವರು ನಂಬಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಅಕ್ಕನಿಗೆ ಬಾಗಿನ ತಂದರೆ, ಹೊಸ್ತಿಲಲ್ಲೇ ತಡೆದು ಮೊರವನ್ನು ವಾಪಸ್ ಕಳಿಸಿದರಂತೆ. ಅದನ್ನು ನನಗೆ ಹೇಳಿದವರೂ ಚಂದ್ರಣ್ಣನೇ, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಮೊಬೈಲಿಗೆ ಕರೆನ್ಸಿ ಹಾಕಿಸಿಕೊಳ್ಳುತ್ತ. ಗಿರಿಜಮ್ಮ ಚೇಳೂರಿಗೆ ಹೋಗುವುದು ನಿಂತಿತು. ನಿಟ್ಟೂರಿಗೂ ಚೇಳೂರಿಗೂ ನಡುವೆ ಎಷ್ಟು ದೂರ? ಗುಬ್ಬಿಯಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ಹೋಗಿ ಸಂಜೆಗೆ ಬರಬಹುದು. ಆ ದಾರಿ ಮುಚ್ಚಿದವನು ನಾನು.

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ನೀವು ಕೇಳಬಹುದು. ಅಂಗಡಿ ಹಾಳಾಗುತ್ತದೆ ಎಂದು ಮೊದಲು. ಆಮೇಲೆ ಅಂಗಡಿ ಗಟ್ಟಿಯಾಯಿತು, ಗ್ರಾಫಿಂಗ್ ಕ್ಯಾಲ್ಕುಲೇಟರುಗಳ ಕಾಲ ಹೋಯಿತು, ಎಲ್ಲರ ಮೊಬೈಲಿನಲ್ಲೂ ಲೆಕ್ಕ ಬಂತು. ಆಗ ಹೇಳಿದ್ದರೆ ನನಗೆ ಒಂದು ಪೈಸೆ ನಷ್ಟವಿರಲಿಲ್ಲ. ಆದರೂ... ಅವರ ಆ ‘ದೊಡ್ಮನ್ಸು ನಿಮ್ದು’ ಎಂಬ ಮಾತು ಇತ್ತಲ್ಲ, ಅದು ಕೈಬಿಟ್ಟುಹೋಗುವುದು ಬೇಡವಾಗಿತ್ತು. ಪುಗಸಟ್ಟೆ ಬಂದ ಮಾಲನ್ನು ನಾನು ಯಾವತ್ತೂ ವಾಪಸ್ ಕೊಟ್ಟವನಲ್ಲ.

ಹೋದ ತಿಂಗಳು ಚಂದ್ರಣ್ಣ, ಗಿರಿಜಮ್ಮ ಇಬ್ಬರೂ ಮಗಳ ಮದುವೆಗೆ ಕರೆಯಲು ಬಂದರು. ಓಎಸ್ ಬದಲಿಸಿದ ಕಾಲಕ್ಕೆ ಅಂಗನವಾಡಿಗೆ ಹೋಗುತ್ತಿದ್ದ ಮಗು ಅದು. ಅರಿಶಿನ ಹಚ್ಚಿದ ಪತ್ರಿಕೆ ಕೈಗಿಟ್ಟರು. ಮನೆಯವರನ್ನೆಲ್ಲ ಕರೆದುಕೊಂಡು ಬರಬೇಕು, ನಿಮಗೆ ಬೇರೆ ಅಡಿಗೆ ಹೇಳಿಸಿದ್ದೇನೆ ಎಂದರು. ಅವರಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆದುಕೊಂಡು ಬರುವವನು ಸೋದರಮಾವ. ಯಾರು ಕರೆದುಕೊಂಡು ಬರುತ್ತಾರೆ ಎಂದು ನಾನು ಕೇಳಲಿಲ್ಲ. ಚಂದ್ರಣ್ಣನೇ ಹೇಳಿದರು — ದೂರದ ಸಂಬಂಧದಲ್ಲಿ ಯಾರನ್ನೋ ಒಪ್ಪಿಸಿದ್ದೇವೆ ಎಂದು. ಹೇಳಿ ಪತ್ರಿಕೆಗಳ ಚೀಲದ ದಾರ ಬಿಗಿದರು.

ಗಿರಿಜಮ್ಮ ನನ್ನ ಕಡೆ ತಿರುಗಿದರು.

“ನಮ್ ಮಂಜ ಹಂಗ್ ಮಾಡೋನಲ್ಲ ಅಂತ ನಾನ್ ಈಗ್ಲೂ ಅಂತೀನಿ ಭಾಯ್. ನೀವಾದ್ರೂ ಇವ್ರಿಗೊಂದ್ ಮಾತ್ ಹೇಳಿ. ನಿಮ್ ಮಾತ್ ಕೇಳ್ತಾರೆ.”

ನಾನು ಟೀ ತರಿಸುತ್ತೇನೆ ಎಂದು ಎದ್ದೆ. ಹೊರಗೆ ಹೋಗಿ ನಿಂತೆ. ಟೀ ಅಂಗಡಿಯವನು ಎಷ್ಟು ಎಂದು ಕೇಳಿದರೆ ಮೂರು ಬೆರಳು ತೋರಿಸಿದೆ.

ಅವರು ಹೋದ ಮೇಲೆ ಅಟ್ಟದಿಂದ ಹಳೇ ಕಂಪ್ಯೂಟರು ಇಳಿಸಿದೆ. ನನ್ನ ಹೆಂಡತಿ ನಸ್ರೀನ್ ಏನಿದು ಎಂದು ಕೇಳಿದಳು. ಅವಳಿಗೆ ಮೊದಲ ಸಲ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಇಷ್ಟು ವರ್ಷ ಅವರ ಮನೆಯಿಂದ ಬಂದ ಅವರೆಕಾಯಿ ತಿಂದಿದ್ದೇವಲ್ಲ ಎಂದಳು, ಅಷ್ಟೇ. ಉಳಿದಿದ್ದ ಒಂದು ಕ್ಯಾಲ್ಕುಲೇಟರಿಗೆ ಹಳೇ ಓಎಸ್ ಹಾಕಿದೆ — ನಾನು ತಿದ್ದದೆ ಇದ್ದದ್ದು, ನನ್ನ ಅಂಗಡಿಯ ಹೆಸರಿಲ್ಲದ್ದು. ಪ್ರೋಗ್ರಾಮು ತುಂಬಿದೆ. ಮೊದಲ ಸಾಲಿನಿಂದ ನನ್ನ ಹೆಸರು ತೆಗೆದು ಅವರದನ್ನು ಬರೆದೆ. ಕೈ ಇನ್ನೂ ಮರೆತಿಲ್ಲ.

ನಿನ್ನೆ ನಿಟ್ಟೂರಿಗೆ ಹೋದೆ. ಮನೆಯ ಜಗಲಿಯಲ್ಲಿ ಚಂದ್ರಣ್ಣ ಕೂತಿದ್ದರು. ದಾರಿಯಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ, ಎಲ್ಲಿಂದ ಶುರುಮಾಡಿ ಎಲ್ಲಿ ನಿಲ್ಲಿಸಬೇಕು ಎಂದು. ಒಂದೂ ಕೆಲಸಕ್ಕೆ ಬರಲಿಲ್ಲ. ಯಂತ್ರವನ್ನು ಅವರ ಮುಂದಿಟ್ಟು, ಸೆಲ್ಲು ಸತ್ತಿರಲಿಲ್ಲ ಚಂದ್ರಣ್ಣ ಎಂದೆ. ಅಲ್ಲಿಂದ ಉಳಿದದ್ದು ತಾನೇ ಬಂತು. ಬುಟ್ಟಿಯಿಂದ ಎತ್ತಿಕೊಂಡದ್ದು, ಹೆಸರು ಬದಲಿಸಿದ್ದು, ಮಾರಿದ್ದು, ಆ ಪ್ರಶ್ನೆ ಕೇಳಿದ್ದು. ಬೈಕಿನ ವಿಷಯ ನನಗೆ ಮೊದಲೇ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

ಅವರು ಯಂತ್ರ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಪ್ರೋಗ್ರಾಮು ತೆರೆದು, ಒಂದೊಂದೇ ಸಾಲು ಕೆಳಗೆ ಸರಿಸುತ್ತ ಹೋದರು. ಒಂದು ಕಡೆ ನಿಂತರು. ಎಡ ತಿರುವಿನ ಸಾಲು. ಆ ಕಳೆಯುವ ಗುರುತಿನ ಮೇಲೆ ಹೆಬ್ಬೆರಳು ಇಟ್ಟರು. ಒಂದು ಬೈಗುಳ ಬರಲಿ, ಕಪಾಳಕ್ಕೆ ಒಂದು ಬೀಳಲಿ ಎಂದು ಕಾಯುತ್ತಿದ್ದೆ. ಬಿದ್ದಿದ್ದರೆ ಅರ್ಧ ತೀರಿತು ಎಂದುಕೊಳ್ಳುವವನು ನಾನು. ಅದು ಅವರಿಗೂ ಗೊತ್ತಿತ್ತೇನೋ.

“ಬಾಗಿನ ವಾಪಸ್ ಕಳ್ಸಿದ್ದು ನಾನು,” ಎಂದರು. ಹೆಬ್ಬೆರಳು ತೆಗೆದು, “ಚೇಳೂರಿಗೆ ನೀವ್ ಹೋಗಿ. ಮಂಜಂಗೆ ನಿಮ್ ಬಾಯಿಂದ್ಲೇ ಹೇಳಿ. ಆಮೇಲೆ ನಾನ್ ಹೋಗ್ತೀನಿ, ಅವ್ನ್ ಬಾಗ್ಲು ತೆಗುದ್ರೆ.”

ಫೋನು ಮಾಡಿ ಮೊದಲೇ ತಿಳಿಸಲೇ ಎಂದು ಕೇಳಿದೆ. ನೋಡಿ, ಅಲ್ಲೂ ಒಂದು ಚೌಕಾಸಿ. ಅವರು ಮತ್ತೆ ಯಂತ್ರದ ಕಡೆ ತಿರುಗಿದರು.

ಒಳಗೆ ಗಿರಿಜಮ್ಮ ಅಡಿಗೆ ಮಾಡುತ್ತಿದ್ದರು. ಒಗ್ಗರಣೆಯ ವಾಸನೆ ಜಗಲಿಗೆ ಬರುತ್ತಿತ್ತು. ಆ ಮನೆಯಲ್ಲಿ ಊಟದ ಹೊತ್ತಿಗೆ ಬಂದವರನ್ನು ಯಾವತ್ತೂ ಬರಿಹೊಟ್ಟೆಯಲ್ಲಿ ಕಳಿಸಿದ್ದಿಲ್ಲ. ನಾನೇ ಎಷ್ಟೋ ಸಲ ಅಲ್ಲಿ ಮುದ್ದೆ ಮುರಿದಿದ್ದೇನೆ. ತಟ್ಟೆ ಇಡುವ ಸದ್ದಾಯಿತು. ಬಡಿಸಲೇ, ಭಾಯ್ ಕೈಕಾಲು ತೊಳೆಯಲಿ ಎಂದು ಗಿರಿಜಮ್ಮ ಒಳಗಿನಿಂದಲೇ ಕೂಗಿದರು.

ಚಂದ್ರಣ್ಣ ಯಂತ್ರದಿಂದ ತಲೆಯೆತ್ತಲಿಲ್ಲ.

“ಅವ್ರು ಹೊರಟವ್ರೆ,” ಎಂದರು.

ಎದ್ದೆ. ಚಪ್ಪಲಿ ಹಾಕಿಕೊಂಡೆ. ಯಂತ್ರವನ್ನು ಅವರು ಇಟ್ಟುಕೊಂಡರೋ, ಅಲ್ಲೇ ಬಿಟ್ಟರೋ — ತಿರುಗಿ ನೋಡಲಿಲ್ಲ.

ನಾಳೆ ಬೆಳಗ್ಗೆ ಗುಬ್ಬಿಯಿಂದ ಚೇಳೂರಿನ ಬಸ್ಸು ಹಿಡಿಯುತ್ತೇನೆ. ಮಂಜುನಾಥ ಬಾಗಿಲು ತೆಗೆಯುತ್ತಾನೋ ಇಲ್ಲವೋ ತಿಳಿಯದು. ಮದುವೆಗೆ ಇನ್ನೂ ದಿನ ಇದೆ; ಅಕ್ಕನ ಮಗಳ ಕೈ ಹಿಡಿದು ಮಂಟಪಕ್ಕೆ ಬರುವ ಮನಸ್ಸು ಅವನಿಗೆ ಉಳಿದಿದೆಯೋ ಏನೋ, ಅದನ್ನು ಕೇಳುವ ಹಕ್ಕು ನನಗಿಲ್ಲ. ಯಾರ ಮನೆಗೆ ಹೋಗುವಾಗಲೂ ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಹೋದವನು ನಾನು — ಹಣ್ಣೋ, ಮಿಠಾಯಿಯೋ, ಮಕ್ಕಳಿಗೊಂದು ಆಟದ ಸಾಮಾನೋ. ಅದಿದ್ದರೆ ಮಾತು ಸಲೀಸಾಗುತ್ತದೆ ಎಂದು ನೂರು ಜನಕ್ಕೆ ಹೇಳಿದ್ದೇನೆ. ಚೇಳೂರಿಗೆ ಏನು ತೆಗೆದುಕೊಂಡು ಹೋಗುತ್ತೀರಿ ಎಂದು ನಸ್ರೀನ್ ಕೇಳಿದಳು.

ಏನೂ ಇಲ್ಲ ಎಂದೆ.